ಇಳಿಸಿದ ಬಿ.ಪಿ. ಏರುತ್ತದೆ, ಮಗಳೇ

ಗಂಗಾವತಿ

ಮುದ್ದಿನ ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ಮಿಕ್ಕ ಸುದ್ದಿಯೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿದ್ದಾಳೆ. ಆದರೆ ಪತ್ರದ ಕೊನೆಗೆ ಬರೆದಿದ್ದೀಯಲ್ಲ, ‘ನನ್ನ ಸೈನಸ್ ಆಪರೇಷನ್ನಿನಲ್ಲಿ ಬೇಕಂತಲೇ ಬಿ.ಪಿ. ಇಳಿಸುತ್ತಾರಂತೆ, ಮತ್ತೆ ಏರದಿದ್ದರೆ?’ ಅಂತ, ಆ ಸಾಲು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಏರುತ್ತದೆ ಮಗಳೇ. ಥಿಯೇಟರ್ ನರ್ಸ್ ಆಗಿ ಕಣ್ಣಾರೆ ನೋಡಿದ್ದೇನೆ. ಸೈನಸ್ ಆಪರೇಷನ್ನಿನಲ್ಲಿ ಡಾಕ್ಟರು ನೋಡುವುದು ಮೂಗಿನೊಳಗೆ ಬಿಟ್ಟ ಸಣ್ಣ ಕ್ಯಾಮೆರಾದಲ್ಲಿ. ಅದರ ತುದಿಗೆ ಒಂದು ತೊಟ್ಟು ರಕ್ತ ತಾಗಿದರೂ ಸಾಕು, ಪರದೆಯೆಲ್ಲ ಕೆಂಪು. ಪಕ್ಕದಲ್ಲೇ ಕಣ್ಣು, ಮೇಲೆ ಮೆದುಳು, ನಡುವೆ ಹಾಳೆಯಂಥ ಎಲುಬು. ಕಾಣದೆ ಕೈಯಾಡಿಸಿದರೆ ಅದೇ ದೊಡ್ಡ ಅಪಾಯ. ಅದಕ್ಕೇ, ರಕ್ತ ಕಡಿಮೆ ಜಿನುಗಲಿ ಅಂತ, ತಲೆಯ ಕಡೆ ಮಂಚ ಸ್ವಲ್ಪ ಎತ್ತಿ, ಔಷಧ ಕೊಟ್ಟು, ಸರಾಸರಿ ಒತ್ತಡವನ್ನು ಹೆಚ್ಚುಕಡಿಮೆ 60–65ಕ್ಕೆ ತರುತ್ತಾರೆ. ಈ ಸರಾಸರಿಯಲ್ಲಿ ಬಿ.ಪಿ.ಯ ಕೆಳಗಿನ ಅಂಕಿಗೆ ಹೆಚ್ಚು ತೂಕ, ಹಾಗಾಗಿ 120/80 ಇದ್ದವರ ಸರಾಸರಿ ಸುಮಾರು 93 ಇರುತ್ತದೆ. ಇದು ಮೊನ್ನೆ ಬಂದ ಪದ್ಧತಿಯಲ್ಲ, 1950ರಲ್ಲೇ ಇಂಗ್ಲೆಂಡಿನ ಎಂಡರ್ಬಿ ಅನ್ನುವ ಡಾಕ್ಟರು ಮಾಡಿ ಬರೆದಿದ್ದರು.

ನಮ್ಮಪ್ಪನ ಕಿವಿ ಆಪರೇಷನ್ ಆದಾಗ ನಾನಿನ್ನೂ ಶಾಲೆಯಲ್ಲಿದ್ದೆ. ‘ಬಿ.ಪಿ. ಇಳಿಸ್ತೀವಿ’ ಅಂದವರು ಒಳಗೆ ಹೋದರು, ಯಾಕೆ ಅಂತ ಬಿಡಿಸಿ ಹೇಳಲಿಲ್ಲ. ಅವ್ವ ಬೆಂಚಿನ ಮೇಲೆ ಕೂತು ಸೆರಗಿನಂಚಿನ ದಾರ ಒಂದೊಂದೇ ಕೀಳುತ್ತಿದ್ದಳು. ಅಪ್ಪ ಚೆನ್ನಾಗೇ ಮನೆಗೆ ಬಂದರು. ಅವ್ವನ ಭಯ ಮಾತ್ರ ಹೋಗಲೇ ಇಲ್ಲ. ನಾನು ನರ್ಸಿಂಗ್ ಮುಗಿಸುವ ಹೊತ್ತಿಗೆ ಅವಳೇ ಇರಲಿಲ್ಲ. ಅವಳಿಗೆ ಇಷ್ಟನ್ನು ಹೇಳುವುದಕ್ಕಾಗಲಿಲ್ಲ ಅನ್ನುವ ಕೊರಗು ಈಗಲೂ ಇದೆ.

ಮತ್ತೆ ಹೇಳುತ್ತೇನೆ, ಏರುತ್ತದೆ. ಈಗ ಬಳಸುವ ಔಷಧಗಳು ಹೆಚ್ಚಾಗಿ ಡ್ರಿಪ್ ನಡೆಯುವವರೆಗಷ್ಟೇ ಕೆಲಸ ಮಾಡುತ್ತವೆ. ನಿಲ್ಲಿಸಿದರೆ ಕೆಲವೇ ನಿಮಿಷ. ಏರಿಸುವ ಔಷಧವೂ ಪಕ್ಕದಲ್ಲೇ ಇರುತ್ತದೆ. ಮುಗಿಸುವ ಮುಂಚೆ ಒತ್ತಡವನ್ನು ಮೊದಲಿನಂತೆ ಬರಲು ಬಿಟ್ಟು, ಎಲ್ಲಾದರೂ ರಕ್ತ ಜಿನುಗುತ್ತದಾ ಅಂತ ನೋಡುವುದೂ ಉಂಟು.

ಎಲ್ಲರಿಗೂ ಇಷ್ಟು ಇಳಿಸುವುದಿಲ್ಲ. ನಿಮ್ಮಪ್ಪನ ಹಾಗೆ ಹಳೇ ಬಿ.ಪಿ. ಇದ್ದವರ ಮೆದುಳು ಜಾಸ್ತಿ ಒತ್ತಡಕ್ಕೇ ಒಗ್ಗಿರುತ್ತದೆ. ರಕ್ತ ಕಡಿಮೆ ಇದ್ದವರಲ್ಲೂ ಹುಷಾರಾಗಿರಬೇಕು. ಹೋದ ವರ್ಷ ನಿನಗೆ ಹಿಮೋಗ್ಲೋಬಿನ್ ಕಡಿಮೆ ಅಂದಿದ್ದರು, ಅಲ್ವಾ? ಅರಿವಳಿಕೆ ಡಾಕ್ಟರಿಗೆ ಅದನ್ನು ತಪ್ಪದೆ ಹೇಳು. ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ತೋರಿಸು. ಇದೆಲ್ಲ ನಿನಗೆ ಗೊತ್ತಿರಬಹುದು, ಆದರೂ ಬರೆಯದೆ ಇರಲಾಗಲಿಲ್ಲ. ನನಗೆ ಕೇಳಿದ ಪ್ರಶ್ನೆಯನ್ನೇ ಅವರಿಗೂ ಕೇಳು, ಸಂಕೋಚ ಬೇಡ.

ಆಪರೇಷನ್ ದಿನ ನಾನೂ ಬಳ್ಳಾರಿಗೆ ಬರುತ್ತೇನೆ. ನಿಮ್ಮವ್ವನಿಗೆ ಹೇಳಿಡು.

ನಿನ್ನ ದೊಡ್ಡವ್ವ