ಟಿಎಲ್ ಸರ್ಟಿಫಿಕೇಟ್ ಒಂದನ್ನೇ ನಂಬಿ ಮಡಕೆ ಕೊಳ್ಳಬೇಡಿ

ಮಾನ್ಯರೇ,

ಕೊಲಂಬಸ್‌ಗಿಂತ ಹಿಂದಿನ ಅಮೆರಿಕದ ಮಡಕೆಗಳ ಸಂಗ್ರಹದ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ‘ಟಿಎಲ್ ಸರ್ಟಿಫಿಕೇಟ್ ಇದ್ದರೆ ಧೈರ್ಯವಾಗಿ ಕೊಳ್ಳಬಹುದು’ ಎಂದಿದೆ. ಅಮೆರಿಕದಲ್ಲಿರುವ ಕನ್ನಡಿಗರೂ ನಿಮ್ಮ ಪತ್ರಿಕೆ ಓದುತ್ತಾರೆ. ಹಾಗಾಗಿ ಈ ಸಲಹೆ ಎಲ್ಲಿ ಕೈಕೊಡುತ್ತದೆ ಎಂದು ಹೇಳಬೇಕಾಗಿದೆ.

ಟಿಎಲ್, ಅಂದರೆ ಥರ್ಮೋಲ್ಯೂಮಿನೆಸೆನ್ಸ್ ಪರೀಕ್ಷೆ, ಮಣ್ಣು ಕೊನೆಯ ಸಲ ಬೆಂದು ಎಷ್ಟು ಕಾಲವಾಯಿತು ಎಂಬುದನ್ನಷ್ಟೇ ಹೇಳುತ್ತದೆ. ಸಾಮಾನ್ಯವಾಗಿ ತಳದಲ್ಲಿ ಸಣ್ಣ ತೂತು ಕೊರೆದು ಚಿಟಿಕೆ ಪುಡಿ ತೆಗೆಯುತ್ತಾರೆ. ಪುಡಿ ಎಲ್ಲಿಯದೋ ಉತ್ತರವೂ ಅಲ್ಲಿಯದೇ. ನಕಲಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು: ಅಸಲಿ ಹಳೆಯ ತಳಕ್ಕೆ ಹೊಸ ಮೈ ಕೂಡಿಸಿ, ಬೇರೆ ಮಡಕೆಯ ಕೊರಳು ಅಂಟಿಸಿ, ಮೇಲೆ ಬಣ್ಣ ಹೊಡೆದುಬಿಡುತ್ತಾರೆ. ತಳ, ಹೊಟ್ಟೆ, ಕೊರಳು ಮೂರೂ ಕಡೆಯ ಪುಡಿ ಪರೀಕ್ಷೆಯಾಗಿದೆಯೇ ಕೇಳಿ. ವರದಿಯ ಫೋಟೊದಲ್ಲಿರುವ ತೂತು ಕೈಯಲ್ಲಿರುವ ಮಡಕೆಯಲ್ಲೂ ಇದೆಯೇ ನೋಡಿ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಮಾಡಿಸುವುದಿದ್ದರೆ ಟಿಎಲ್ ಆದ ಮೇಲೆ ಮಾಡಿಸಿ. ಆ ವಿಕಿರಣವೂ ಲೆಕ್ಕಕ್ಕೆ ಸೇರಿ ಮಡಕೆಯ ವಯಸ್ಸು ಹೆಚ್ಚಾಗಿ ಕಾಣಬಹುದು.

ಕಣ್ಣಿಗೇ ಗೊತ್ತಾಗುವುದು ಬೇಕಷ್ಟಿದೆ. ಪೆರುವಿನ ಉತ್ತರ ಕರಾವಳಿಯ ಮೋಚೆ ಕುಂಬಾರರು (ಸುಮಾರು ಕ್ರಿ.ಶ. 100ರಿಂದ 800) ರಿಕಾಪಿನ (ಕುದುರೆ ಸವಾರರು ಕಾಲಿಡುವ ಬಳೆಯ) ಆಕಾರದ ಕೊಳವೆಯಿರುವ ಹೂಜಿಗಳನ್ನು ಎರಡು ಹೋಳಿನ ಅಚ್ಚಿನಲ್ಲಿ ಹಸಿಮಣ್ಣು ಒತ್ತಿ ಮಾಡುತ್ತಿದ್ದರು. ಒಳಗೆ ಬೆರಳೊತ್ತಿದ ಗುಳಿಗಳೂ ಹೋಳುಗಳು ಕೂಡಿದ ಏಣೂ ಕಾಣಬೇಕು. ಕೊರಳು ಕಿರಿದು, ಬೆರಳು ಹೋಗದು. ಫೋನಿಗೆ ಸಿಕ್ಕಿಸುವ ವಯರ್ ಕ್ಯಾಮೆರಾ ಇಳಿಸಿ ನೋಡಬೇಕು. ಪ್ಲಾಸ್ಟರ್ ಅಚ್ಚಿಗೆ ನೀರುಮಣ್ಣು ಸುರಿದು ತೆಗೆದ ನಕಲಿನ ಒಳಮೈ ಒಂದೇ ದಪ್ಪಕ್ಕೆ ನುಣ್ಣಗಿರುತ್ತದೆ. ಪಶ್ಚಿಮ ಮೆಕ್ಸಿಕೊದ ಕೊಲಿಮಾ ಪ್ರದೇಶದ ಮಣ್ಣಿನ ನಾಯಿಬೊಂಬೆಗಳ ಮೇಲಿನ ಕಪ್ಪು ಚುಕ್ಕೆ ಮ್ಯಾಂಗನೀಸಿನದು. ಗೋರಿಯ ತೇವದಲ್ಲಿ ನಿಧಾನವಾಗಿ ಕಟ್ಟಿದ್ದು, ಗುಂಪುಗುಂಪಾಗಿರುತ್ತದೆ. ಬ್ರಷ್ಷಿನಿಂದ ಸಿಡಿಸಿದ್ದಾದರೆ ಅಸಿಟೋನ್ ಹತ್ತಿಯಲ್ಲಿ ಒರೆಸಿದಾಗ ಹೆಚ್ಚಾಗಿ ಹೋಗುತ್ತದೆ. ಆದರೆ ಪೆರುವಿನ ದಕ್ಷಿಣ ಕರಾವಳಿಯ ಪರಾಕಾಸ್ ಮಡಕೆಗೆ ಅಸಿಟೋನ್ ಮುಟ್ಟಿಸಲೇಬೇಡಿ. ಅದಕ್ಕೆ ರಾಳದ ಬಣ್ಣ ಬಳಿದದ್ದು ಸುಟ್ಟ ಮೇಲೆ, ಅಸಲಿ ಬಣ್ಣವೇ ಎದ್ದು ಬರುತ್ತದೆ. ಕತ್ತಲಲ್ಲಿ 365 ನ್ಯಾನೊಮೀಟರಿನ ಯುವಿ ಟಾರ್ಚ್ ಹಿಡಿದರೆ ಎಪಾಕ್ಸಿ ಅಂಟು ನೀಲಿ-ಬಿಳಿಯಾಗಿ, ಅರಗಿನ ಮೆರುಗು ಕಿತ್ತಳೆಯಾಗಿ ಹೊಳೆದು ರಿಪೇರಿಯ ಜಾಗ ತೋರಿಸುತ್ತವೆ.

ಇಷ್ಟಾದರೂ ಪರಿಣತರು ಮೋಸಹೋಗಿದ್ದಾರೆ. ಮೆಕ್ಸಿಕೊದ ವೆರಾಕ್ರೂಸ್ ರಾಜ್ಯದ ಬ್ರಿಹಿಡೊ ಲಾರಾನನ್ನು 1974ರಲ್ಲಿ ಪುರಾತನ ವಸ್ತುಗಳ ಕಳ್ಳನೆಂದು ಹಿಡಿದಾಗ, ‘ಇವೆಲ್ಲ ನಾನೇ ಮಾಡಿದ್ದು’ ಎಂದು ಜೈಲಿಗೇ ಮಣ್ಣು ತರಿಸಿ, ಅಂಥವೇ ಬೊಂಬೆ ಮಾಡಿ ತೋರಿಸಿ ಬಿಡುಗಡೆಯಾದ. ಆಮೇಲೆ ಅದೇ ರಾಜ್ಯದ ಹಲಾಪಾದ ಮಾನವಶಾಸ್ತ್ರ ಮ್ಯೂಸಿಯಂ ಅವನನ್ನೇ ಕೆಲಸಕ್ಕಿಟ್ಟುಕೊಂಡಿತು!

ಮಡಕೆ ಅಸಲಿಯಾದರೆ ಗೊಂದಲ ಇನ್ನೂ ದೊಡ್ಡದು, ಏಕೆಂದರೆ ಅದು ಯಾರ ಸ್ವತ್ತು ಎಂಬುದನ್ನು ಯಾವ ಲ್ಯಾಬೂ ಹೇಳದು. ಮೆಕ್ಸಿಕೊದ 1972ರ ಕಾನೂನಿನಂತೆ ಸ್ಪೇನಿನವರು ಬರುವ ಮೊದಲಿನ ವಸ್ತುಗಳೆಲ್ಲ ಸರ್ಕಾರದ್ದು. ಪೆರುವಿನಲ್ಲಿ ಇಂಥ ಕಾನೂನು 1929ರಲ್ಲೇ ಬಂತು. 1987ರಲ್ಲಿ ಸಿಪಾನಿನ ಮೋಚೆ ಗೋರಿ ಲೂಟಿಯಾದ ಮೇಲೆ, 1990ರಲ್ಲಿ ಅಮೆರಿಕ ಆ ಪ್ರದೇಶದ ವಸ್ತುಗಳ ಆಮದು ತಡೆಯಿತು. 1997ರಲ್ಲಿ ಪೆರು ಜೊತೆ ವಿಸ್ತಾರವಾದ ಒಪ್ಪಂದವನ್ನೇ ಮಾಡಿಕೊಂಡಿತು. ಆದ್ದರಿಂದ ಕೊಳ್ಳುವವರು ಮೊದಲು ಕೇಳಬೇಕಾದದ್ದು ಮಡಕೆ ಹಿಂದೆ ಕೈಬದಲಾದಾಗಲೇ ಆದ ಕಾಗದ: ತಾರೀಖಿರುವ ಬಿಲ್ಲು, ಹರಾಜಿನ ಕ್ಯಾಟಲಾಗಿನ ಲಾಟ್ ನಂಬರ್, ಕಸ್ಟಮ್ಸ್ ಪತ್ರ, ಬಿರುಕು-ಚಕ್ಕೆಗಳು ಹೊಂದಿಕೆಯಾಗುವ ಹಳೆಯ ಫೋಟೊ. ‘ಯುರೋಪಿನ ಹಳೆಯ ಖಾಸಗಿ ಸಂಗ್ರಹದಿಂದ’ ಎಂದು ವ್ಯಾಪಾರಿ ನಿನ್ನೆ ಟೈಪ್ ಮಾಡಿದ ಸಾಲಿಗೆ ಮೂರು ಕಾಸಿನ ಬೆಲೆಯಿಲ್ಲ. ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದವಾದ 1970ನೇ ಇಸವಿಯನ್ನೇ ಅಮೆರಿಕದ ಮ್ಯೂಸಿಯಂ ನಿರ್ದೇಶಕರ ಸಂಘ 2008ರಲ್ಲಿ ಗೆರೆಯಾಗಿ ಎಳೆದಿದೆ. ಅದಕ್ಕೂ ಹಿಂದಿನ ದಾಖಲೆ ಇಲ್ಲದ ಮಡಕೆಯನ್ನು ಪುಕ್ಕಟೆ ಕೊಟ್ಟರೂ ಮ್ಯೂಸಿಯಂಗಳು ಹಿಂಜರಿಯುತ್ತವೆ.

ಈಗಾಗಲೇ ಮನೆಯಲ್ಲಿಟ್ಟುಕೊಂಡವರಿಗೆ ಎರಡು ಮಾತು. ಪೆರುವಿನ ಮರುಭೂಮಿಯ ಮಡಕೆಯ ಮೈಯಲ್ಲಿ ಉಪ್ಪಿರುತ್ತದೆ. ಹವೆ ತೇವವಾದಾಗ ಕರಗಿ, ಒಣಗಿದಾಗ ಹರಳುಗಟ್ಟಿ, ಬಣ್ಣದ ಪದರವನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ಬಿಳಿ ಪುಡಿ ಕಂಡರೆ ತೊಳೆಯಬೇಡಿ, ಕನ್ಸರ್ವೇಟರ್‌ಗೆ (ಹಳೆಯ ವಸ್ತುಗಳನ್ನು ಕಾಪಾಡುವ ತಜ್ಞರಿಗೆ) ತೋರಿಸಿ. ಗಾಜಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಆರ್ದ್ರತೆಯನ್ನು ಶೇ 50ರ ಆಸುಪಾಸಿನಲ್ಲಿ ಸ್ಥಿರವಾಗಿಡಿ. ಹೂಜಿಯನ್ನು ಕೊಳವೆ ಹಿಡಿದು ಎತ್ತಲೂಬೇಡಿ. ಹಳೆಯ ಬೆಸುಗೆ ಇರುವುದು ಹೆಚ್ಚಾಗಿ ಅಲ್ಲೇ.

ಊರಿಗೆ ವಾಪಸಾಗುವಾಗ ಸಾಮಾನಿನ ಜೊತೆ ತರುವ ಯೋಚನೆ ಇದ್ದವರು ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯನ್ನೂ ಓದಿಕೊಳ್ಳಿ. ಅದರ ವ್ಯಾಖ್ಯೆ ನೂರು ವರ್ಷ ದಾಟಿದ ಕಲಾಕೃತಿ ಎನ್ನುತ್ತದೆ. ಭಾರತದ್ದೇ ಆಗಿರಬೇಕು ಎನ್ನುವುದಿಲ್ಲ. ಅಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ಅಂದರೆ ಒಮ್ಮೆ ತಂದದ್ದನ್ನು ವಾಪಸ್ ಒಯ್ಯುವುದೂ ಕಷ್ಟವಾಗಬಹುದು. ಪ್ಯಾಕ್ ಮಾಡುವ ಮೊದಲೇ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯುವುದು ಒಳ್ಳೆಯದು.

— ಓದುಗರೊಬ್ಬರು, ಮೈಸೂರು