ರೆಡ್ಡಿಟ್ ಮುಷ್ಕರ ಸೋತಿತೆನ್ನುವವರಿಗೆ

ಮಾನ್ಯರೇ,

ಸಾಮಾಜಿಕ ಜಾಲತಾಣಗಳು ನಿಯಮ ಬದಲಿಸಿದಾಗ ಬಳಕೆದಾರರು ಎಬ್ಬಿಸುವ ಗದ್ದಲ ಎರಡು ದಿನದ್ದು, ಮೂರನೆಯ ದಿನ ಎಲ್ಲರೂ ಅಲ್ಲಿಗೇ ಮರಳುತ್ತಾರೆ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಹೀಗೆ ಹೇಳುವವರು ಸಾಮಾನ್ಯವಾಗಿ ಮುಂದಿಡುವ ಸಾಕ್ಷಿ, ಬಳಕೆದಾರರು ವಿಷಯವಾರು ಗುಂಪುಗಳಲ್ಲಿ ಚರ್ಚಿಸುವ ಅಮೆರಿಕದ ಜಾಲತಾಣ ರೆಡ್ಡಿಟ್‌ನಲ್ಲಿ 2023ರ ಜೂನ್‌ನಲ್ಲಿ ನಡೆದ ಮುಷ್ಕರ. ಅದು ಸೋತದ್ದು ನಿಜ. ಜನರ ಚಂಚಲತೆಯಿಂದ ಸೋತಿತು ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ.

ಆ ವರ್ಷದ ಏಪ್ರಿಲ್‌ನಲ್ಲಿ ರೆಡ್ಡಿಟ್, ಹೊರಗಿನ ಆ್ಯಪ್‌ಗಳು ತನ್ನ ದತ್ತಾಂಶವನ್ನು ಪಡೆಯುವ ಎಪಿಐ ವ್ಯವಸ್ಥೆಗೆ ಶುಲ್ಕ ವಿಧಿಸುವುದಾಗಿ ಪ್ರಕಟಿಸಿತು. ದರ ಹೊರಬಿದ್ದಾಗ ಎಲ್ಲರೂ ಬೆಚ್ಚಿದರು. ಆ್ಯಪ್‌ಗಳು ದತ್ತಾಂಶಕ್ಕಾಗಿ ಕಳಿಸುವ 5 ಕೋಟಿ ಕೋರಿಕೆಗಳಿಗೆ 12,000 ಡಾಲರ್. ಈ ಲೆಕ್ಕದಲ್ಲಿ ತಾನು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ತೆರಬೇಕಾಗುತ್ತದೆ ಎಂದು, ರೆಡ್ಡಿಟ್ ಓದಲು ಬಳಸುತ್ತಿದ್ದ ಹೊರಗಿನ ಆ್ಯಪ್ 'ಅಪೊಲೊ'ವನ್ನು ರೂಪಿಸಿದ ಕ್ರಿಶ್ಚಿಯನ್ ಸೆಲಿಗ್ ಬಹಿರಂಗವಾಗಿ ಹೇಳಿದರು. ಬಹುಮಟ್ಟಿಗೆ ಒಬ್ಬರೇ ಕಟ್ಟಿ ಬೆಳೆಸಿದ ಆ್ಯಪ್ ಅದು. ಜೂನ್ 30ರಂದು ಅದು ಮುಚ್ಚಿತು; ಇನ್ನೂ ಹಲವು ಆ್ಯಪ್‌ಗಳು ಅದೇ ಹಾದಿ ಹಿಡಿದವು.

ಹೆಚ್ಚು ಪೆಟ್ಟು ಬಿದ್ದದ್ದು ದೃಷ್ಟಿದೋಷವುಳ್ಳವರಿಗೆ. ಪರದೆಯನ್ನು ಓದಿ ಹೇಳುವ ತಂತ್ರಾಂಶದೊಂದಿಗೆ ರೆಡ್ಡಿಟ್‌ನ ಸ್ವಂತ ಆ್ಯಪ್ ಸರಿಯಾಗಿ ಹೊಂದುತ್ತಿರಲಿಲ್ಲವಾದ್ದರಿಂದ ಅವರು ಹೊರಗಿನ ಆ್ಯಪ್‌ಗಳನ್ನೇ ನೆಚ್ಚಿಕೊಂಡಿದ್ದರು. ರೆಡ್ಡಿಟ್‌ನಲ್ಲಿದ್ದ ಅಂಧರ ಗುಂಪನ್ನು ನಡೆಸುತ್ತಿದ್ದವರಲ್ಲಿ ಸ್ವತಃ ಅಂಧರಿದ್ದರು. ಕೂಗು ಜೋರಾದ ಮೇಲೆ, ಲಾಭಕ್ಕಾಗಿ ನಡೆಯದ ಇಂಥ ಕೆಲವು ಆ್ಯಪ್‌ಗಳಿಗೆ ಕಂಪನಿ ವಿನಾಯಿತಿ ಕೊಟ್ಟಿತು. ಗದ್ದಲದಿಂದ ಏನೂ ಆಗುವುದಿಲ್ಲ ಎನ್ನುವವರು ಇಷ್ಟನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಶುಲ್ಕವನ್ನು ಪ್ರತಿಭಟಿಸಿ ಜೂನ್ 12ರಿಂದ ಎರಡು ದಿನದ ಮುಷ್ಕರವೆಂದು 8,000ಕ್ಕೂ ಹೆಚ್ಚು ಗುಂಪುಗಳು ಬಾಗಿಲು ಹಾಕಿಕೊಂಡವು, ಹೆಚ್ಚಿನವು ಹೊರಗಿನವರಿಗೆ ಕಾಣದಂತೆ ಖಾಸಗಿಯಾದವು. ಬಾಗಿಲು ಹಾಕಿದವರು ಮಾಡರೇಟರ್‌ಗಳು, ಅಂದರೆ ಸಂಬಳವಿಲ್ಲದೆ ಹೊಲಸು ಬರಹಗಳನ್ನೂ ಜಾಹೀರಾತಿನ ಕಸವನ್ನೂ ದಿನವೂ ತೆಗೆಯುವವರು. ಎಲ್ಲ ಗಲಾಟೆಗಳಂತೆ ಇದೂ ತಣ್ಣಗಾಗುತ್ತದೆ ಎಂದು ರೆಡ್ಡಿಟ್‌ನ ಮುಖ್ಯಸ್ಥ ಸ್ಟೀವ್ ಹಫ್ಮನ್ ತಮ್ಮ ಸಿಬ್ಬಂದಿಗೆ ಬರೆದರು. ಬಳಿಕ ಸಂದರ್ಶನವೊಂದರಲ್ಲಿ ಮಾಡರೇಟರ್‌ಗಳನ್ನು ಜಮೀನ್ದಾರರಿಗೆ ಹೋಲಿಸಿದರು. ಕೂಲಿಯೂ ಇಲ್ಲದೆ ದುಡಿಯುವವರನ್ನು ಜಮೀನ್ದಾರರೆಂದು ಕರೆಯಲು ವಿಶೇಷ ಧೈರ್ಯ ಬೇಕು.

ಎರಡು ದಿನ ಕಳೆದ ಮೇಲೂ ತೆರೆಯದ ಗುಂಪುಗಳ ಮಾಡರೇಟರ್‌ಗಳಿಗೆ ಕಂಪನಿಯಿಂದ, ತೆರೆಯದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂಬ ಸೂಚನೆ ಹೋಯಿತು. ಚಿತ್ರಗಳ ದೊಡ್ಡ ಗುಂಪೊಂದು ಸದಸ್ಯರ ಮತ ಪಡೆದು, ಇನ್ನು ಮುಂದೆ ಹಾಸ್ಯಗಾರ ಜಾನ್ ಆಲಿವರ್ ಅವರ ಚಿತ್ರಗಳಿಗೆ ಮಾತ್ರ ಜಾಗವೆಂದು ನಿಯಮ ಮಾಡಿತು. ನಗು ಬರಿಸುವ ಪ್ರತಿಭಟನೆ, ಆದರೆ ಬೇರೆ ಅಸ್ತ್ರವಿಲ್ಲದವರದು. ಜನ ಬೇಸತ್ತು ಮರಳಿದ್ದಕ್ಕಿಂತ ಈ ಬೆದರಿಕೆಯೇ ಮುಷ್ಕರದ ಬೆನ್ನು ಮುರಿಯಿತು ಎಂಬುದು ನನ್ನ ಅಭಿಪ್ರಾಯ. ತಣ್ಣಗಾಗುವ ಗಲಾಟೆ ಎಂದಿದ್ದ ಅದೇ ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ತಂದಿತು: ಸಾರ್ವಜನಿಕ ಗುಂಪನ್ನು ಖಾಸಗಿಯಾಗಿಸಲು ಮಾಡರೇಟರ್‌ಗಳು ಕಂಪನಿಯ ಅನುಮತಿ ಪಡೆಯಬೇಕು. ಹೆದರಿಕೆಯೇ ಇಲ್ಲದವರು ಚಿಲಕವನ್ನು ಏಕೆ ಕಿತ್ತುಕೊಳ್ಳುತ್ತಾರೆ?

ಈ ನಡುವೆ, 2024ರ ಫೆಬ್ರುವರಿಯಲ್ಲಿ, ಬಳಕೆದಾರರ ಬರಹಗಳನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಒದಗಿಸಲು ಗೂಗಲ್ ಜೊತೆ ಒಪ್ಪಂದವಾಯಿತು. ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಮರುತಿಂಗಳು ಕಂಪನಿಯ ಷೇರು ತಲಾ 34 ಡಾಲರ್‌ಗೆ ಮಾರುಕಟ್ಟೆಗೆ ಬಂತು. ಆಯ್ದ ಬಳಕೆದಾರರಿಗೂ ಮಾಡರೇಟರ್‌ಗಳಿಗೂ ಆ ಬೆಲೆಗೆ ಷೇರು ಕೊಳ್ಳುವ ಅವಕಾಶ ಸಿಕ್ಕಿತು. ಕೊಳ್ಳುವ ಅವಕಾಶ, ಗಮನಿಸಿ.

ಇದಕ್ಕೆ ತದ್ವಿರುದ್ಧವಾದದ್ದು 2002ರಲ್ಲಿ ನಡೆದಿತ್ತು. ವಿಕಿಪೀಡಿಯದಲ್ಲಿ ಜಾಹೀರಾತು ಬರಬಹುದೆಂಬ ಮಾತು ಎದ್ದಾಗ ಸ್ಪ್ಯಾನಿಷ್ ಆವೃತ್ತಿಯ ಹಲವು ಬರಹಗಾರರು ಅದುವರೆಗಿನ ಲೇಖನಗಳನ್ನೆಲ್ಲ ಹೊತ್ತುಕೊಂಡು ಹೊರನಡೆದರು. ಸ್ಪೇನ್‌ನ ಸೆವಿಲ್ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ಬೇರೆಯದೇ ವಿಶ್ವಕೋಶ ತೆರೆದರು. ಲೇಖನಗಳನ್ನು ಯಾರು ಬೇಕಾದರೂ ನಕಲಿಸಿ ಬಳಸಬಹುದೆನ್ನುವ ಮುಕ್ತ ಪರವಾನಗಿ ಇದ್ದುದರಿಂದ ತಡೆಯುವ ಹಕ್ಕು ಯಾರಿಗೂ ಇರಲಿಲ್ಲ. ವಿಕಿಪೀಡಿಯದಲ್ಲಿ ಇಂದಿಗೂ ಜಾಹೀರಾತಿಲ್ಲ. ಅವರು ರೆಡ್ಡಿಟ್‌ನವರಿಗಿಂತ ಹೆಚ್ಚು ಹಟವಾದಿಗಳಾಗಿದ್ದರು ಎಂದಲ್ಲ. ಬರೆದದ್ದನ್ನು ಜೊತೆಗೊಯ್ಯಲು ಅವರಿಗೆ ಸಾಧ್ಯವಿತ್ತು, ರೆಡ್ಡಿಟ್‌ನವರಿಗೆ ಇರಲಿಲ್ಲ.

ಇದು ದೂರದೂರಿನ ಸಂಗತಿಯಲ್ಲ. ಕನ್ನಡ ವಿಕಿಪೀಡಿಯ ಮತ್ತು ಅದರ ಸೋದರ ಗ್ರಂಥಾಲಯ ವಿಕಿಸೋರ್ಸ್‌ಗಳಲ್ಲಿ ದುಡಿಯುವವರಿಗೆ ಅಂಥದ್ದೇ ಪರವಾನಗಿಯ ರಕ್ಷಣೆ ಇದೆ. ಆದರೆ ಕೃಷಿ, ಶಾಸನ, ಅಡುಗೆ, ಪ್ರಾದೇಶಿಕ ಪದಗಳ ಬಗ್ಗೆ ಕನ್ನಡಿಗರು ವರ್ಷಗಟ್ಟಲೆ ನಡೆಸಿದ ಚರ್ಚೆಗಳಲ್ಲಿ ದೊಡ್ಡ ಪಾಲು ಫೇಸ್‌ಬುಕ್ ಗುಂಪುಗಳಲ್ಲಿದೆ. ಅಲ್ಲಿ ನಾನು ಬರೆದದ್ದನ್ನು ನಾನು ಇಳಿಸಿಕೊಳ್ಳಬಹುದು. ಗುಂಪಿನ ಚರ್ಚೆಯನ್ನು ಪ್ರಶ್ನೋತ್ತರಗಳ ಸಮೇತ ಇಡಿಯಾಗಿ ಹೊರತರುವ ದಾರಿಯಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಜಾಲತಾಣಗಳ ಪಾಲಿಗೆ ಬಹಳ ಉದಾರಿ. ಕೇಂದ್ರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ಜಾಲತಾಣಗಳು ತಮ್ಮ ನಿಬಂಧನೆಗಳನ್ನೂ ಅವುಗಳಲ್ಲಾದ ಬದಲಾವಣೆಯನ್ನೂ ವರ್ಷಕ್ಕೊಮ್ಮೆಯಾದರೂ ಬಳಕೆದಾರರಿಗೆ ತಿಳಿಸಬೇಕು. ತಿಳಿಸಿದರೆ ಸಾಕು, ಕೇಳಬೇಕಾಗಿಲ್ಲ. 'ಒಪ್ಪು, ಇಲ್ಲವೇ ಹೊರಡು' ಎಂಬಂತಿದ್ದ ವಾಟ್ಸ್‌ಆ್ಯಪ್‌ನ 2021ರ ಖಾಸಗಿತನ ನೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗವು ಅದರ ಒಡೆಯ ಕಂಪನಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿದ್ದು 2024ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಒಪ್ಪುವವರೆಲ್ಲ ಒಪ್ಪಿ ಆಗಿತ್ತು.

ದೊಡ್ಡ ಬದಲಾವಣೆ ಜಾರಿಯಾಗುವ ಮುನ್ನವೇ ಸಾಕಷ್ಟು ಕಾಲಾವಕಾಶ, ಮತ್ತು ಸಾರ್ವಜನಿಕ ಗುಂಪಿನ ಬರಹಗಳನ್ನು ಆ ಗುಂಪಿನವರೇ ಒಟ್ಟಾಗಿ ಹೊರಗೊಯ್ಯುವ ಸೌಲಭ್ಯ. ಇವೆರಡನ್ನು ಕೇಂದ್ರ ಸರ್ಕಾರ ಆ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ಸೇರಿಸಲಿ. ಅಲ್ಲಿಯವರೆಗೆ, ಕನ್ನಡದ ಗುಂಪುಗಳನ್ನು ನಡೆಸುವವರು ತಮ್ಮ ಸದಸ್ಯರ ಒಪ್ಪಿಗೆ ಪಡೆದು ಒಳ್ಳೆಯ ಚರ್ಚೆಗಳ ಒಂದು ಪ್ರತಿಯನ್ನು ಬೇರೆಡೆ ಇರಿಸಿಕೊಳ್ಳುವ ಕೆಲಸವನ್ನು ಈಗಲೇ ಆರಂಭಿಸುವುದು ಒಳಿತು.

— ನಿಮ್ಮ ಓದುಗ, ಶಿವಮೊಗ್ಗ