ಕೊಲ್ಹಾರ ಬಂದೊಡನೆ ನಿಲ್ಲುತ್ತಿದ್ದ ವ್ಯಾನು

ಮಾನ್ಯ ಸಂಪಾದಕರೇ,

ಹದಿನೈದು ವರ್ಷ ದಾಟಿದ ಗಾಡಿಗಳು ನಡುರಸ್ತೆಯಲ್ಲಿ ಕೆಟ್ಟು ನಿಲ್ಲುತ್ತವೆ, ಅವನ್ನು ಗುಜರಿಗೆ ಹಾಕುವುದೇ ಲೇಸು ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ನನ್ನದು 1998ರ ಓಮ್ನಿ. ನೋಂದಣಿಯನ್ನು ಈಗಾಗಲೇ ಮೂರು ಸಲ ನವೀಕರಿಸಿದ್ದೇನೆ. ಹಿಂಭಾಗದಲ್ಲಿ ಹಲಗೆಯ ಹಾಸಿಗೆ, ಪುಟ್ಟ ಒಲೆ, ನೀರಿನ ಕ್ಯಾನು ಇಟ್ಟುಕೊಂಡು ನಾನೂ ನನ್ನಾಕೆಯೂ ಕೂಡಲಸಂಗಮ, ಐಹೊಳೆ, ಬಾದಾಮಿ ಎಂದು ಸುತ್ತುತ್ತಿರುತ್ತೇವೆ.

ಕಳೆದ ಬೇಸಿಗೆಯಲ್ಲಿ ಅದಕ್ಕೊಂದು ರೋಗ ಅಂಟಿತು. ವಿಜಯಪುರ ಬಿಟ್ಟು ಮುಕ್ಕಾಲು ಗಂಟೆ ಚೆನ್ನಾಗಿ ಓಡಿ, ಕೊಲ್ಹಾರ ಹತ್ತಿರವಾಗುತ್ತಲೇ ಎರಡು ಸಲ ಮುಗ್ಗರಿಸಿ ನಿಂತುಬಿಡುವುದು. ಇಪ್ಪತ್ತು ನಿಮಿಷ ಕಾದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುವುದು. ಕೊಲ್ಹಾರದ ಮೊಸರು ರುಚಿಯೇನೋ ಹೌದು, ಆದರೆ ಪ್ರತಿ ಸಲವೂ ತಿಂದೇ ಮುಂದೆ ಹೋಗಬೇಕೆಂದು ಗಾಡಿಯೇ ಹಟ ಹಿಡಿದರೆ ಹೇಗೆ?

ಮೂರು ಗ್ಯಾರೇಜುಗಳಿಗೆ ತೋರಿಸಿದೆ. ಒಬ್ಬರು ಪ್ಲಗ್, ಕಂಡೆನ್ಸರ್ ಹಾಕಿದರು. ಇನ್ನೊಬ್ಬರು ಕಾಯಿಲ್ ಬದಲಿಸಿದರು. ಮೂರನೆಯವರು ಕಾರ್ಬ್ಯುರೇಟರ್ ತೊಳೆದು ಹೊಸ ಫ್ಯುಯೆಲ್ ಪಂಪ್ ಕೂಡಿಸಿದರು. ಒಟ್ಟು 8,600 ರೂಪಾಯಿ. ಅವರ ಮುಂದೆ ಗಾಡಿ ಒಮ್ಮೆಯೂ ನಿಲ್ಲಲಿಲ್ಲ, ಪಾಪ, ಅವರಾದರೂ ಏನು ಮಾಡಿಯಾರು? ಕೊನೆಗೆ, ಓಮ್ನಿಯ ಎಂಜಿನ್ ಸೀಟಿನ ಕೆಳಗೇ ಇರುವುದರಿಂದ ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಎಂದರು. ಹಾಕಿದೆ. ಪ್ರತಿ ಸಲವೂ ಗುಣವಾಯಿತು!

ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ರಾತ್ರಿ ಹೊರಟೆವು. ಹೊದ್ದು ಕುಳಿತರೂ ನಡುಗುವ ಚಳಿ. ಗಾಡಿ ಅದೇ ಕೊಲ್ಹಾರದಲ್ಲಿ ನಿಂತಿತು. ಬಟ್ಟೆ ಒದ್ದೆ ಮಾಡದೆ ಸುಮ್ಮನೆ ಕುಳಿತೆ. ಇಪ್ಪತ್ತು ನಿಮಿಷಕ್ಕೆ ತಾನಾಗಿ ಚಾಲೂ ಆಯಿತು. ಕಾಯುವಿಕೆ ಮಾಡಿದ ಕೆಲಸದ ಹೆಸರನ್ನು ಇಷ್ಟು ದಿನ ಬಟ್ಟೆ ಹೊಡೆದುಕೊಂಡಿತ್ತು.

ಮೂವತ್ನಾಲ್ಕು ವರ್ಷ ವಿಜ್ಞಾನ ಕಲಿಸಿದವನು ಆಗ ಒಂದು ನೋಟುಪುಸ್ತಕ ಹಿಡಿದೆ. ಎಷ್ಟು ಹೊತ್ತಿಗೆ ನಿಂತಿತು, ಬಿಸಿಲೋ ಚಳಿಯೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು. ಗುಟ್ಟು ಈ ಕೊನೆಯ ಕಲಮಿನಲ್ಲಿತ್ತು. ಊರೊಳಗೆ ಐನೂರು ರೂಪಾಯಿಯದಷ್ಟೇ ಹಾಕಿಸುವ ನಾನು ದೂರ ಹೊರಟಾಗ ಮಾತ್ರ ಟ್ಯಾಂಕ್ ತುಂಬಿಸುತ್ತೇನೆ. ಗಾಡಿ ನಿಂತದ್ದೆಲ್ಲ ಟ್ಯಾಂಕ್ ತುಂಬಿಸಿದ ದಿನವೇ.

ಮುಂದಿನ ಸಲ ನಿಂತಾಗ ಮೊದಲು ಪ್ಲಗ್ ಬಿಚ್ಚಿ ಕಿಡಿ ನೋಡಿದೆ. ನೀಲಿ ಕಿಡಿ, ಚೆನ್ನಾಗಿತ್ತು. ಅಂದರೆ ದೋಷ ಕಿಡಿಯದಲ್ಲ, ಪೆಟ್ರೋಲ್ ಬರುವ ದಾರಿಯದು. ಪ್ಲಗ್ ಮರಳಿ ಹಾಕಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಮರುಕ್ಷಣ ಎಂಜಿನ್ ಚಾಲೂ.

ಪೆಟ್ರೋಲ್ ಹೊರಹೋದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ನನ್ನ ಹಳೆಯ ಮುಚ್ಚಳದಲ್ಲಿ ಅದಕ್ಕೊಂದು ಸಣ್ಣ ಕವಾಟವಿತ್ತು. ಬೇಸಿಗೆಗೆ ಮುಂಚೆ ಆ ಮುಚ್ಚಳವನ್ನು ಬಂಕಿನಲ್ಲಿ ಮರೆತು ಬಂದು, 180 ರೂಪಾಯಿಗೆ ಅದರಂತೆಯೇ ಕಾಣುವ ಇನ್ನೊಂದನ್ನು ಕೊಂಡಿದ್ದೆ. ಅದರಲ್ಲಿ ಕವಾಟವಿಲ್ಲ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಇರುವ ಜಾಗ ಅಂಗೈಯಗಲ, ಹಾಗಾಗಿ ಎರಡು ಮೂರು ಲೀಟರ್ ಖರ್ಚಾಗುವಷ್ಟರಲ್ಲೇ ಒಳಗಿನ ಒತ್ತಡ ಕುಸಿದು ಪಂಪಿಗೆ ಎಳೆಯಲಾಗುತ್ತಿರಲಿಲ್ಲ. ಕಾಯುತ್ತ ಕುಳಿತಾಗ ಗಾಳಿ ಸಂದಿಯಲ್ಲಿ ಮೆಲ್ಲಗೆ ಒಳಸೇರುತ್ತಿತ್ತು. ಅರ್ಧ ಟ್ಯಾಂಕಿನಲ್ಲಿ ಊರು ಸುತ್ತಿದರೆ ಆ ಸಂದಿಯೇ ಸಾಕಾಗುತ್ತಿತ್ತು.

ಮಿಸ್ತ್ರಿಗಳನ್ನು ನಾನು ದೂರುತ್ತಿಲ್ಲ. ಹೊಸ ಕಾಯಿಲಿನ ಬಾಕ್ಸು ಕಣ್ಣಿಗೆ ಕಂಡರೆ ತುಟಿ ಪಿಟಕ್ಕೆನ್ನದೆ ಹಣ ಎಣಿಸುವ ನಾವು, ಮಜೂರಿಯ ಮಾತು ಬಂದರೆ ಚೌಕಾಸಿಗೆ ಇಳಿಯುತ್ತೇವೆ. ಯಾರಾದರೂ ಕೊಲ್ಹಾರದ ತನಕ ಜೊತೆಗೆ ಬಂದು, ಏನನ್ನೂ ಬದಲಿಸದೆ ಮುಚ್ಚಳ ತೋರಿಸಿ 800 ರೂಪಾಯಿ ಕೇಳಿದ್ದರೆ ನಾನೇ ಜಗಳ ಆಡುತ್ತಿದ್ದೆ. ಬಿಲ್ಲಿನಲ್ಲಿ ‘ದೋಷ ಪತ್ತೆ’ ಎಂದು ಬೇರೆಯೇ ಸಾಲು ಇರಲಿ, ನಾವು ಕೊಡೋಣ. ಹೀಗೆ ಬಂದು ಹೋಗುವ ದೋಷಗಳನ್ನು ಹುಡುಕುವುದನ್ನೂ ಐಟಿಐಗಳಲ್ಲಿ ಮಾಡಿಸಿ ಕಲಿಸಲಿ.

ಆ ಕವಾಟವಿಲ್ಲದ ಮುಚ್ಚಳವನ್ನು ಎಸೆದಿಲ್ಲ. ಜಿಲ್ಲೆಯ ಯಾವ ಐಟಿಐನವರು ಕರೆದರೂ ತಂದು ಮಕ್ಕಳಿಗೆ ತೋರಿಸುತ್ತೇನೆ. ವ್ಯಾನನ್ನೂ ತರುತ್ತೇನೆ, ಟ್ಯಾಂಕ್ ತುಂಬಿಸಿಕೊಂಡು.

– ನಿವೃತ್ತ ವಿಜ್ಞಾನ ಶಿಕ್ಷಕ, ವಿಜಯಪುರ